ಬಿಸಿಲೂರಿನವರಿಗೂ ಬಿಸಿಲು ಬಡಿಯುತ್ತದೆ

ಮಾನ್ವಿ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಬೆಂಗಳೂರಿನಲ್ಲಿ ಕೆಲವು ತಿಂಗಳು ದುಡಿದು ಬಂದ ತಮ್ಮ, ಏಪ್ರಿಲ್‌ನಲ್ಲಿ ಇಲ್ಲಿ ಸ್ಲ್ಯಾಬ್ ಕೆಲಸಕ್ಕೆ ಹೋದ. ಮೂರನೇ ದಿನ ತಲೆ ತಿರುಗಿ ಬಿದ್ದ. ರಾಯಚೂರಿನವನಿಗೆ ಬಿಸಿಲೇನು ಹೊಸದಾ, ಮೈಗಳ್ಳ ಎಂದರು ಮೇಸ್ತ್ರಿ. ಹೌದೇ?’

ಪ್ರಿಯ ಓದುಗರೆ,

ನಿಮ್ಮ ತಮ್ಮ ಮೈಗಳ್ಳ ಅಲ್ಲ. ಬಿಸಿಲಲ್ಲಿ ದುಡಿಯುವ ರೂಢಿ ಮೈಗೆ ಹತ್ತಲು ಒಂದೆರಡು ವಾರ ಬೇಕು. ಮೂರ್ನಾಲ್ಕು ವಾರ ಬಿಟ್ಟರೆ ಅದು ಬಹುಪಾಲು ಹೋಗಿಬಿಡುತ್ತದೆ, ಹುಟ್ಟಿದ ಊರು ಯಾವುದೇ ಇರಲಿ. ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸ, ಆಮೇಲೆ ದಿನದಿನಕ್ಕೆ ಜಾಸ್ತಿ ಅನ್ನುವುದು ತಜ್ಞರ ಲೆಕ್ಕ. ಬಂದವನನ್ನು ಬಂದ ದಿನವೇ ಪೂರ್ತಿ ಕೆಲಸಕ್ಕೆ ಹಚ್ಚಿದ್ದು ತಪ್ಪು.

ಪೇಪರ್‌ನಲ್ಲಿ 42 ಡಿಗ್ರಿ ಅಂತ ಬರುತ್ತಲ್ಲ, ಅದು ನೆರಳಲ್ಲಿ ಅಳೆದದ್ದು. ಸ್ಲ್ಯಾಬ್ ಮೇಲೆ ನೆರಳೆಲ್ಲಿದೆ? ನೆತ್ತಿ ಮೇಲೆ ಬಿಸಿಲು, ಕಾಲ ಕೆಳಗೆ ಕಾದ ಸೆಂಟ್ರಿಂಗ್ ತಗಡು, ಮುಟ್ಟಿದರೆ ಚುರ್ ಎನ್ನುವ ಕಬ್ಬಿಣ. ಈಗೀಗ ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಭೂಮಿ ಬಿಸಿಯಾದಂತೆ ರಾತ್ರಿಗಳೂ ಕಾಯುತ್ತಿವೆ. ಹಿಂದಿನ ದಿನದ ದಣಿವು ಆರುವ ಮೊದಲೇ ಮರುದಿನದ ಕೆಲಸ ಶುರು.

15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಬೇಕು, ಬಾಯಾರಿಕೆ ಆಗಲಿ ಅಂತ ಕಾಯಬಾರದು. ಅಂದ ಮೇಲೆ ನೀರಿನ ಕೊಡ ಕೆಲಸ ನಡೆಯುವ ಜಾಗದಲ್ಲೇ ಇರಬೇಕು, ಅಲ್ವಾ? ಶೌಚಾಲಯ ಇಲ್ಲವೆಂದು ಎಷ್ಟೋ ಹೆಣ್ಣುಮಕ್ಕಳು ಇಡೀ ದಿನ ನೀರನ್ನೇ ಮುಟ್ಟುವುದಿಲ್ಲ. ನೆನೆದರೆ ಸಂಕಟವಾಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಕಿಡ್ನಿಗೆ ಪೆಟ್ಟು.

ತಲೆ ಸುತ್ತಿದಾಗಲೇ ನೆರಳಿಗೆ ಕರೆದೊಯ್ಯಬೇಕು. ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ, ಎಚ್ಚರ ತಪ್ಪಿದರೆ ಅದು ಜೀವಕ್ಕೇ ಅಪಾಯ. ಬೆವರುತ್ತಿದ್ದಾನೆ, ಏನಾಗಲ್ಲ ಅಂದುಕೊಳ್ಳಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವ ತನಕ ಮೈತುಂಬ ತಣ್ಣೀರು ಸುರಿಯುತ್ತಾ ಗಾಳಿ ಬೀಸುತ್ತಿರಿ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಒಳ್ಳೆಯದೇ. ಸೂರಿನಡಿ ಕೂತವರಿಗೆ ಬೇಕಾದದ್ದು ಬಯಲಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು ಬೇಕು. ಕೆಲಸ ಬೆಳಗಿನ ಜಾವ ಶುರುವಾಗಲಿ, ಮಧ್ಯಾಹ್ನ 12ರಿಂದ 4 ಬಿಡುವಿರಲಿ, ಬಿಡುವಿಗೆಂದು ಕೂಲಿ ಮುರಿಯುವುದು ಬೇಡ.

ಮೇಸ್ತ್ರಿ ಒಪ್ಪದಿದ್ದರೆ ಮನೆ ಕಟ್ಟಿಸುವ ಯಜಮಾನರ ಹತ್ತಿರವೇ ಮಾತಾಡಿ. ರಣಬಿಸಿಲಲ್ಲಿ ಹಾಕಿದ ಕಾಂಕ್ರೀಟ್ ಬೇಗ ಒಣಗಿ ಬಿರುಕು ಬಿಡುತ್ತದೆ. ಮುಂಜಾನೆ ಇಲ್ಲವೇ ಸಂಜೆ ಹಾಕಿ ಅಂತ ಎಂಜಿನಿಯರುಗಳೇ ಹೇಳುತ್ತಾರೆ. ಈ ಮಾತು ಅವರ ಕಿವಿಗೂ ಬೀಳಲಿ.

– ಸಂಪಾದಕ