ಪ್ಯಾರಾಶೂಟ್ ಬಟ್ಟೆಯ ಮದುವೆ ಉಡುಪು

ಪ್ರಶ್ನೆ: ನನ್ನ ಮದುವೆ ರವಿಕೆಯ ಅಳತೆಯ ಬಗ್ಗೆ ಗೆಳತಿಯರು ವಾಟ್ಸ್ಆ್ಯಪ್‌ನಲ್ಲಿ ಹರಟುತ್ತಿದ್ದಾಗ, ನಾಜಿ ಶಿಬಿರದಿಂದ ಬದುಕುಳಿದ ಹಲವು ವಧುಗಳು ಒಂದೇ ಉಡುಪನ್ನು ತೊಟ್ಟಿದ್ದರೆಂದು ಒಬ್ಬಳು ಬರೆದಳು. ಇದು ನಿಜವೇ? ಸಂಭ್ರಮದ ದಿನ ಅಷ್ಟು ನೋವಿನ ನೆನಪನ್ನು ಮೈಮೇಲೆ ಹೊರುವುದು ಹೇಗೆ ಸಾಧ್ಯ?
– ಓದುಗರು, ಶಿವಮೊಗ್ಗ

ಉತ್ತರ: ನಿಜ. ಜರ್ಮನಿಯ ಬರ್ಗನ್-ಬೆಲ್ಸನ್ ಶಿಬಿರವನ್ನು ಬ್ರಿಟಿಷ್ ಸೇನೆ 1945ರ ಏಪ್ರಿಲ್ 15ರಂದು ಬಿಡುಗಡೆ ಮಾಡಿದ ಮೇಲೆ, ಮನೆಯವರನ್ನು ಕಳೆದುಕೊಂಡ ಸಾವಿರಾರು ಯಹೂದಿಯರು ಪಕ್ಕದ ನಿರಾಶ್ರಿತರ ಶಿಬಿರದಲ್ಲಿ ಉಳಿದರು. ಅಲ್ಲಿ ಮದುವೆಗಳೂ ಆರಂಭವಾದವು. ಬಿಳಿ ಉಡುಪಿನಲ್ಲೇ ಮದುವೆಯಾಗಬೇಕೆಂಬ, ಹೀಗೆ ಬದುಕುಳಿದ ಲಿಲಿ ಫ್ರೀಡ್‌ಮನ್ ಅವರ ಆಸೆಗೆ ವರನು ಕಾಫಿಬೀಜ, ಸಿಗರೇಟುಗಳನ್ನು ಕೊಟ್ಟು ಪ್ಯಾರಾಶೂಟ್ ಸಂಪಾದಿಸಿದರು. ಶಿಬಿರದಲ್ಲಿದ್ದ ದರ್ಜಿಯೊಬ್ಬರು ಅದರಿಂದ ಉದ್ದ ತೋಳಿನ ನಿಲುವಂಗಿ ಹೊಲಿದು, ಉಳಿದ ತುಂಡಿನಲ್ಲಿ ವರನಿಗೆ ಅಂಗಿಯನ್ನೂ ಹೊಲಿದರು. 1946ರಲ್ಲಿ ಅವರ ಮದುವೆಯಾದ ಬಳಿಕ ಸಹೋದರಿಯೂ ಇತರ ವಧುಗಳೂ ಅದನ್ನೇ ತೊಟ್ಟರು.

ಸಾಮೂಹಿಕ ಸ್ಮೃತಿಯ ಕುರಿತು ಚಿಂತಿಸಿದ ಫ್ರೆಂಚ್ ಸಮಾಜಶಾಸ್ತ್ರಜ್ಞ ಮೊರೀಸ್ ಆಲ್ಬ್‌ವಾಕ್ಸ್, ವ್ಯಕ್ತಿಯ ನೆನಪು ಆತನ ಬಳಗದ ಆಸರೆಯಲ್ಲೇ ರೂಪುಗೊಳ್ಳುತ್ತದೆ ಎಂದು ವಾದಿಸಿದ್ದರು. ಅವರೂ 1945ರ ಮಾರ್ಚ್‌ನಲ್ಲಿ ಬೂಖೆನ್‌ವಾಲ್ಡ್ ನಾಜಿ ಶಿಬಿರದಲ್ಲಿ ತೀರಿಕೊಂಡರು. ಈ ಉಡುಪು ಕೈಯಿಂದ ಕೈಗೆ ದಾಟಿದ್ದನ್ನು ನೋಡಿದರೆ ಅವರ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುತ್ತದೆ. ಆ ಹೆಣ್ಣುಮಕ್ಕಳಿಗೆ ಸೆರಗು ಸರಿಪಡಿಸುವ ತಾಯಿಯಾಗಲಿ, ಅಕ್ಷತೆ ಹಾಕುವಂಥ ಹಿರಿಯರಾಗಲಿ ಉಳಿದಿರಲಿಲ್ಲವೆಂದೇ ಹೇಳಬೇಕು. ಆ ಜಾಗದಲ್ಲಿ ಜೊತೆಯ ಹುಡುಗಿಯರೇ ನಿಂತರು. ಆದ್ದರಿಂದ ಅವರು ನೋವನ್ನು ಹೊತ್ತರೆನ್ನುವುದಕ್ಕಿಂತ ಹಂಚಿಕೊಂಡರೆನ್ನುವುದೇ ಸರಿ.