ಸಮನ್ಸ್ ಬಂತು ಅಂತ ಹೆದರಿದ ತಮ್ಮನಿಗೆ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ಎಂಟು ತಿಂಗಳಾಯಿತು, ಮೊನ್ನೆ ಜ್ಯೂರಿ ಸಮನ್ಸ್ (ಕೇಸು ಕೇಳಿ ತೀರ್ಮಾನ ಹೇಳಲು ಸಾಮಾನ್ಯ ನಾಗರಿಕರನ್ನು ಕೋರ್ಟಿಗೆ ಕರೆಯುವ ಕಾಗದ) ಬಂತು, ರಾತ್ರಿಯೆಲ್ಲ ನಿದ್ದೆ ಇಲ್ಲ ಅಂದೆ. ಆಫೀಸಿನಲ್ಲಿ ಒಬ್ಬರು ಇದು ಫೆಡರಲ್, ಅಂದರೆ ಕೇಂದ್ರದ, ಡಿಸ್ಟ್ರಿಕ್ಟ್ ಕೋರ್ಟಿನದು ಅಂದರಂತೆ, ಇನ್ನೊಬ್ಬರು ಕೌಂಟಿಯದು (ನಮ್ಮ ಜಿಲ್ಲೆಯ ಹಾಗೆ) ಅಂದರಂತೆ. ವೀಸಾದ ಮೇಲೆ ಬಂದವನಿಗೂ ಇಲ್ಲಿನ ಕೋರ್ಟಿಗೂ ಏನು ಸಂಬಂಧ ಅಂತ ಕೇಳಿದ್ದೀಯ.

ಮೊದಲು ಆ ಕಾಗದದ ವಿಷಯ ಮುಗಿಸೋಣ. ನೀನು ಕಳಿಸಿದ ಫೋಟೋದಲ್ಲಿ ಮೇಲೆಯೇ ‘ಸುಪೀರಿಯರ್ ಕೋರ್ಟ್’, ‘ಕೌಂಟಿ ಆಫ್ ಸಾಂಟಾ ಕ್ಲಾರಾ’ ಅಂತಿದೆ. ಅದು ರಾಜ್ಯದ ಕೋರ್ಟು. ಡ್ರೈವಿಂಗ್ ಲೈಸೆನ್ಸ್ ಮಾಡಿಸಿದೆ ಅಲ್ವಾ, ಆ ಪಟ್ಟಿಯಿಂದಲೂ ಜ್ಯೂರಿಗೆ ಹೆಸರು ಆರಿಸುತ್ತಾರೆ. ನಾನು ಈ ದೇಶದ ನಾಗರಿಕನಲ್ಲ ಅನ್ನುವ ಕಡೆ ಗುರುತು ಹಾಕಿ ವಾಪಸ್ ಕಳಿಸು. ನಿನ್ನನ್ನು ಬಿಟ್ಟುಬಿಡುತ್ತಾರೆ. ಸುಮ್ನೆ ಡ್ರಾಯರಿಗೆ ಹಾಕಿ ಮರೆಯಬೇಡ. ಅವಸರದಲ್ಲಿ ನಾಗರಿಕ ಅಂತ ಟಿಕ್ ಮಾಡಲೇಬೇಡ. ಹಾಗೆ ಹೇಳಿಕೊಂಡವರಿಗೆ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು ಬರುತ್ತದೆ.

ಇನ್ನು ಫೆಡರಲ್ ಕೋರ್ಟು. ಡಿಸ್ಟ್ರಿಕ್ಟ್ ಕೋರ್ಟ್ ಅಂದ ಕೂಡಲೇ ನಿನಗೆ ದಾವಣಗೆರೆಯ ಜಿಲ್ಲಾ ಕೋರ್ಟು ಕಣ್ಣ ಮುಂದೆ ಬಂದಿರಬೇಕು. ಅದನ್ನು ಮರೆತುಬಿಡು. ನಮ್ಮಲ್ಲಿ ಕಾನೂನು ಕೇಂದ್ರದ್ದಿರಲಿ, ರಾಜ್ಯದ್ದಿರಲಿ, ಹತ್ತುವ ಮೆಟ್ಟಿಲು ಒಂದೇ. ಇಲ್ಲಿ ರಾಜ್ಯದ ಕೋರ್ಟುಗಳದ್ದೇ ಒಂದು ಸಾಲು, ಕೇಂದ್ರದ ಕೋರ್ಟುಗಳದ್ದೇ ಇನ್ನೊಂದು ಸಾಲು. ಕೇಂದ್ರದ ಕೇಸುಗಳ ವಿಚಾರಣೆಗೆ ಇಡೀ ದೇಶವನ್ನು 94 ಡಿಸ್ಟ್ರಿಕ್ಟ್ ಮಾಡಿದ್ದಾರೆ. ಎಷ್ಟೋ ರಾಜ್ಯಗಳಿಗೆ ಒಂದೊಂದೇ. ಕ್ಯಾಲಿಫೋರ್ನಿಯಾಕ್ಕೆ 1966ರಿಂದ ನಾಲ್ಕು. ನಾವಿರುವುದು ನಾರ್ದರ್ನ್ ಡಿಸ್ಟ್ರಿಕ್ಟ್‌ನಲ್ಲಿ. ಒರೆಗಾನ್ ಗಡಿಯಿಂದ ಮಾಂಟೆರೇ ತನಕ, ಕಡಲ ಕಡೆಯ 15 ಕೌಂಟಿ ಇದಕ್ಕೆ ಸೇರುತ್ತವೆ. ಸ್ಯಾನ್ ಫ್ರಾನ್ಸಿಸ್ಕೊ, ಓಕ್ಲೆಂಡ್, ಸ್ಯಾನ್ ಹೊಸೆಗಳಲ್ಲಿ ದೊಡ್ಡ ಕಟ್ಟಡಗಳಿವೆ. ನಮ್ಮ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಹುಟ್ಟಿದ ಕೇಸು ಸಾಮಾನ್ಯವಾಗಿ ಸ್ಯಾನ್ ಹೊಸೆಗೇ ಬರುತ್ತದೆ. ಹುಬ್ಬಳ್ಳಿಯವರು ಹೈಕೋರ್ಟಿಗೆ ಬೆಂಗಳೂರಿನ ತನಕ ಹೋಗದೆ ಧಾರವಾಡ ಪೀಠಕ್ಕೆ ಹೋಗುತ್ತಾರಲ್ಲ, ಹಾಗೆ.

ಇಲ್ಲಿ ಡಿಸ್ಟ್ರಿಕ್ಟ್ ಜಡ್ಜ್‌ಗಳ ಹುದ್ದೆ 14. ದೇಶದ ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಒಪ್ಪಬೇಕು. ಒಮ್ಮೆ ಕೂತರೆ ಜೀವಮಾನದ ಹುದ್ದೆ, ನಿವೃತ್ತಿಯ ವಯಸ್ಸು ಅಂತ ಇಲ್ಲ. ಇವರ ಜೊತೆಗೆ ಮ್ಯಾಜಿಸ್ಟ್ರೇಟ್ ಜಡ್ಜ್‌ಗಳಿರುತ್ತಾರೆ. ಅವರನ್ನು ಈ ಜಡ್ಜ್‌ಗಳೇ 8 ವರ್ಷಕ್ಕೆ ನೇಮಿಸುತ್ತಾರೆ. ಎರಡೂ ಕಡೆಯವರು ಒಪ್ಪಿದರೆ ಸಿವಿಲ್ ಕೇಸನ್ನು ಪೂರ್ತಿ ಅವರೇ ನಡೆಸಬಹುದು.

ಯಾವ ಕೇಸು ಅಲ್ಲಿಗೆ ಹೋಗುತ್ತದೆ? ಕೇಂದ್ರದ ಕಾನೂನಿನ ಮೇಲೆ ನಿಂತದ್ದು, ಕೇಂದ್ರ ಸರ್ಕಾರವೇ ಕಕ್ಷಿಯಾದದ್ದು, ಪೇಟೆಂಟ್, ದಿವಾಳಿ. ಬೇರೆ ಬೇರೆ ರಾಜ್ಯದವರ ನಡುವಿನ ವ್ಯಾಜ್ಯ 75,000 ಡಾಲರಿಗಿಂತ ಜಾಸ್ತಿಯದಾದರೆ ಅದೂ ಹೋಗಬಹುದು. ಡೈವೋರ್ಸು, ಮನೆ ಮಾಲೀಕ ಅಡ್ವಾನ್ಸ್ ವಾಪಸ್ ಕೊಡದಿದ್ದದ್ದು, ಟ್ರಾಫಿಕ್ ಟಿಕೆಟ್ಟು, ಇವೆಲ್ಲ ರಾಜ್ಯದ ಕೋರ್ಟಿಗೆ. ಇಮಿಗ್ರೇಶನ್ ಕೋರ್ಟ್ ಅನ್ನುವುದು ಮತ್ತೆ ಬೇರೆಯೇ. ಅದು ಸರ್ಕಾರದ ನ್ಯಾಯ ಇಲಾಖೆಯ ಕೈಕೆಳಗೆ ಇದೆ. ಎರಡೂ ಕೋರ್ಟಿನ ಜಡ್ಜ್‌ಗಳನ್ನು ಒಂದೇ ಅಂದುಕೊಳ್ಳಬೇಡ.

ವೀಸಾದವನಿಗೆ ಏನು ಸಂಬಂಧ ಅಂದೆಯಲ್ಲ. ಈ ಕೋರ್ಟಿನ ಬಾಗಿಲು ತಟ್ಟಲು ನಾಗರಿಕನೇ ಆಗಿರಬೇಕಿಲ್ಲ. ಇನ್ನೊಂದಿಷ್ಟು ವರ್ಷ ಕಳೆದು ನೀನು ನಾಗರಿಕತ್ವಕ್ಕೆ ಅರ್ಜಿ ಹಾಕುತ್ತೀಯ ಅಂದುಕೊ. ಸಂದರ್ಶನ ಆಗಿ 120 ದಿನ ಕಳೆದರೂ ಏನೂ ತೀರ್ಮಾನ ಹೇಳದಿದ್ದರೆ, ನೀನು ವಾಸವಿರುವ ಡಿಸ್ಟ್ರಿಕ್ಟ್‌ನ ಈ ಕೋರ್ಟಿಗೆ ಹೋಗಿ ಕೇಳಬಹುದು. ಕಾನೂನಿನಲ್ಲೇ ಹಾಗೆ ಬರೆದಿದೆ. ನಮ್ಮ ಕಡೆ ಅಧಿಕಾರಿ ಫೈಲ್ ಹಿಡಿದು ಕೂತರೆ ಹೈಕೋರ್ಟಿಗೆ ರಿಟ್ ಹಾಕಬೇಕು. ಇಲ್ಲಿ ಆ ಕೆಲಸ ಶುರುವಾಗುವುದು ಈ ಕೆಳಗಿನ ಕೋರ್ಟಿನಲ್ಲೇ.

ಈ ಕೋರ್ಟಿನ ಮೇಲೆ ನನಗೆ ಇಷ್ಟು ಅಭಿಮಾನ ಯಾಕೆ ಅಂತ ಹೇಳುತ್ತೇನೆ. ವಾಂಗ್ ಕಿಮ್ ಆರ್ಕ್ ಅಂತ ಒಬ್ಬ ಅಡುಗೆಯವನು. ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲೇ. ಅಪ್ಪ ಅಮ್ಮ ಚೀನಾದವರು. 1895ರಲ್ಲಿ ಚೀನಾಕ್ಕೆ ಹೋಗಿ ಬಂದಾಗ ನೀನು ಇಲ್ಲಿಯವನಲ್ಲ ಅಂತ ಇಳಿಯಲು ಬಿಡಲಿಲ್ಲ. ಊರು ಎದುರಿಗೇ ಕಾಣುತ್ತಿತ್ತು, ಅವನು ತಿಂಗಳುಗಟ್ಟಲೆ ಹಡಗಿನಲ್ಲೇ ಬಂದಿ. ಆಗ ಅವನ ಅರ್ಜಿ ಕೇಳಿದ್ದು ಇದೇ ನಾರ್ದರ್ನ್ ಡಿಸ್ಟ್ರಿಕ್ಟ್ ಕೋರ್ಟು. 1896ರ ಜನವರಿಯಲ್ಲಿ ಜಡ್ಜ್ ಮಾರೋ ಅವನು ಹುಟ್ಟಿನಿಂದಲೇ ನಾಗರಿಕ ಅಂದರು. 1898ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ತಪ್ಪನ್ನೂ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಮನೆಯಿಂದ ಎಬ್ಬಿಸಿ ಕ್ಯಾಂಪುಗಳಿಗೆ ಹಾಕಿದರು. ಓಕ್ಲೆಂಡ್‌ನಲ್ಲಿ ಹುಟ್ಟಿದ ಫ್ರೆಡ್ ಕೊರೆಮಾತ್ಸು ಹೋಗಲ್ಲ ಅಂದ. 1942ರಲ್ಲಿ ಅವನನ್ನು ಅಪರಾಧಿ ಅಂದದ್ದು ಇದೇ ಕೋರ್ಟು. ಸರ್ಕಾರ ಆಗ ತನಗೆ ವಿರುದ್ಧವಾದ ವರದಿಗಳನ್ನು ಮುಚ್ಚಿಟ್ಟಿತ್ತು ಅಂತ ಆಮೇಲೆ ಗೊತ್ತಾಯಿತು. 1983ರಲ್ಲಿ, 41 ವರ್ಷ ಕಳೆದ ಮೇಲೆ, ಇದೇ ಕೋರ್ಟಿನ ಜಡ್ಜ್ ಮರಿಲಿನ್ ಹಾಲ್ ಪಟೇಲ್ ಆ ತೀರ್ಪನ್ನು ಅಳಿಸಿದರು. ಆಗ ಕೊರೆಮಾತ್ಸು ಬದುಕಿದ್ದರು, ಕೋರ್ಟಿನಲ್ಲೇ ಇದ್ದರು. ಅದನ್ನು ನೆನೆದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ನಾನು ನಾಗರಿಕಳಾದ ಮೇಲೆ ನನಗೂ ಫೆಡರಲ್ ಜ್ಯೂರಿಗೆ ಕರೆ ಬಂತು. ಎರಡು ಕಂಪನಿಗಳ ಪೇಟೆಂಟ್ ಜಗಳ. ಎಂಟು ಜನ ಕೂತಿದ್ದೆವು. ನನ್ನ ಪಕ್ಕದಲ್ಲಿ ವಿಯೆಟ್ನಾಮಿನ ಒಬ್ಬ ಹಿರಿಯ ಹೆಂಗಸು. ಜಡ್ಜ್ ಏನಾದರೂ ಕೇಳಿದರೆ ಒಂದೊಂದೇ ಪದ ಹುಡುಕಿ ಉತ್ತರ ಹೇಳುತ್ತಿದ್ದರು. ಅವರು ಮುಗಿಸುವ ತನಕ ಜಡ್ಜ್ ಕಾಯುತ್ತಿದ್ದರು, ಒಮ್ಮೆಯೂ ಮಧ್ಯೆ ಬಾಯಿ ಹಾಕಲಿಲ್ಲ. ನಾವು ಒಳಗೆ ಬರುವಾಗ ಪ್ರತಿ ಸಲವೂ ವಕೀಲರು, ಕಂಪನಿಯವರು ಎಲ್ಲರೂ ಎದ್ದು ನಿಲ್ಲುತ್ತಿದ್ದರು. ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಮಗಳು ನಾನು. ಮೊದಲನೇ ದಿನ ಯಾರಿಗಾಗಿ ಎದ್ದರು ಅಂತ ಹಿಂದೆ ತಿರುಗಿ ನೋಡಿದ್ದೆ.

ನೀನೂ ಒಂದು ದಿನ ಹೋಗಿ ನೋಡು. ಸ್ಯಾನ್ ಹೊಸೆ ಫಸ್ಟ್ ಸ್ಟ್ರೀಟಿನಲ್ಲಿದೆ, ಲೈಟ್ ರೈಲಿನಲ್ಲಿ ಹತ್ತಿರ ಇಳಿಯಬಹುದು. ವಿಚಾರಣೆಗಳು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತವೆ, ವೀಸಾದವನು ಹಿಂದಿನ ಬೆಂಚಿನಲ್ಲಿ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಐಡಿ ಇಟ್ಟುಕೊ, ಬಾಗಿಲಲ್ಲಿ ತಪಾಸಣೆ ಇರುತ್ತದೆ. ಆದರೆ ಅದಕ್ಕಿಂತ ಮುಂಚೆ, ಇವತ್ತೇ, ಆ ಕೌಂಟಿಯ ಕಾಗದಕ್ಕೆ ಸಹಿ ಹಾಕಿ ಕಳಿಸಿಬಿಡು.