ಉಂಡ ಮನೆಗೆ ಎರಡು ಬಗೆದವರು ಯಾರು, ಮೇಷ್ಟ್ರೇ?

(ಮಾಲೂರು ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: ಅವರ ಅಕ್ಕನ ಮಗನಿಗೆ 30 ವರ್ಷ. ತಗಡು ಒತ್ತುವ ಒಂದು ಶೆಡ್ಡಿನಲ್ಲಿ ನಾಲ್ಕು ವರ್ಷ ಪ್ರೆಸ್ ಆಪರೇಟರ್. ಸಂಬಳ 14,000. 2025ರ ಆಗಸ್ಟ್‌ನಲ್ಲಿ ಬಲಗೈ ಹೆಬ್ಬೆರಳು ಹೋಯಿತು. ಮಾಲೀಕರು ಆಸ್ಪತ್ರೆ ಬಿಲ್ ಕಟ್ಟಿದರು, ಕೈಗೆ 25,000 ಕೊಟ್ಟರು, ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡರು. ಅಕ್ಟೋಬರ್‌ನಲ್ಲಿ ಕೆಲಸಕ್ಕೆ ಹೋದವನನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ಹುಡುಗ ಕೇಸು ಹಾಕುತ್ತೇನೆ ಅನ್ನುತ್ತಾನೆ. ‘ಉಂಡ ಮನೆಗೆ ಎರಡು ಬಗೆಯಬೇಡ ಎಂದು ಬುದ್ಧಿ ಹೇಳಿದ್ದೇನೆ. ಪತ್ರಿಕೆಯವರೇ ಹುಡುಗರನ್ನು ಕೋರ್ಟಿಗೆ ಹತ್ತಿಸಿದರೆ ಜಿಲ್ಲೆಯಲ್ಲಿ ಸಣ್ಣ ಕಾರ್ಖಾನೆಗಳು ಉಳಿಯುತ್ತವೆಯೇ?’)

ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಮಾಲೀಕರ ಕಷ್ಟ ನನಗೂ ಗೊತ್ತು. ಬ್ಯಾಂಕ್ ಸಾಲದ ಮೇಲೆ ಎರಡು ಮಿಷನ್ ಹಾಕಿಕೊಂಡವರು, ದೊಡ್ಡ ಕಂಪನಿಯಿಂದ ಬಿಲ್ ಬರಲಿ ಎಂದು ತಿಂಗಳುಗಟ್ಟಲೆ ಕಾಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಈ ಮಾಲೀಕರು ಆಸ್ಪತ್ರೆಗೆ ಓಡಿದ್ದೂ ಒಳ್ಳೆಯ ಕೆಲಸವೇ. ಆದರೆ ನೀವು ಆ ಹುಡುಗನಿಗೆ ಹೇಳಿದ ಬುದ್ಧಿಮಾತನ್ನು ನಾನು ಒಪ್ಪಲಾರೆ.

ನೀವು ಗಣಿತ ಕಲಿಸಿದವರೆಂದು ಬರೆದಿದ್ದೀರಿ. ಹಾಗಾದರೆ ಲೆಕ್ಕ ಮಾಡೋಣ. ಅಪಘಾತವಾದಾಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ ಸಂಬಳದ ಶೇ. 60 ಅಂದರೆ 8,400. 30ರ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಅಂಕಿ 207.98. ಗುಣಿಸಿದರೆ 17,47,032. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ಶೇ. 30 ಹೋಯಿತೆಂದು ಅದೇ ಕಾಯ್ದೆ ಹೇಳುತ್ತದೆ. ಅಲ್ಲಿಗೆ 5,24,109 ರೂಪಾಯಿ ಚಿಲ್ಲರೆ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ. ಸರಿಯಾದ ಕಾರಣವಿಲ್ಲದೆ ತಡಮಾಡಿದರೆ ಶೇ. 50ರವರೆಗೆ ದಂಡ. ಆಸ್ಪತ್ರೆ ಬಿಲ್ಲನ್ನು ಇದರಲ್ಲಿ ಮುರಿದುಕೊಳ್ಳುವ ಹಾಗಿಲ್ಲ, ಅದು ಬೇರೆ ಬಾಬ್ತು.

ಐದು ಲಕ್ಷ ಬರಬೇಕಾದ ಕಡೆ 25,000 ಕೊಟ್ಟು ಋಣದ ಭಾರ ಹೊರಿಸಿದ್ದಾರೆ. ಈಗ ನೀವೇ ಹೇಳಿ, ಎರಡು ಬಗೆದವರು ಯಾರು?

ಆ ಸಹಿಯ ವಿಷಯಕ್ಕೆ ಹುಡುಗ ಹೆದರಬೇಕಾಗಿಲ್ಲ. ಪರಿಹಾರದ ಹಕ್ಕು ಬಿಟ್ಟುಕೊಡುತ್ತೇನೆ ಎಂದು ಕಾರ್ಮಿಕ ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಕಾಯ್ದೆಯ 17ನೇ ಕಲಮಿನಲ್ಲೇ ಹಾಗಿದೆ. ರಾಜಿ ಆಗುವುದಿದ್ದರೂ ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಬೇಕು. ಸ್ಟಾಂಪ್ ಪೇಪರ್ ಕಂಡ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುವ ಭಯ ನಮ್ಮ ಹಳ್ಳಿಗಳಲ್ಲಿ ಜಾಸ್ತಿ. ಅಂಥ ಪೇಪರ್ ಬರೆಸುವವರಿಗೆ ಬೇಕಾದದ್ದೂ ಆ ಭಯವೇ.

ಶೇ. 30 ಅನ್ನುವುದೂ ಕೊನೆಯ ಮಾತಲ್ಲ. ಸಿನಿಮಾ ಥಿಯೇಟರೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಒಬ್ಬ ಬಡಗಿ ಬಿದ್ದು ಎಡಗೈ ಕಳೆದುಕೊಂಡ. ಬಲಗೈ ಇದೆಯಲ್ಲ ಎಂದು ಎದುರಿನವರು ವಾದಿಸಬಹುದು. ಆದರೆ ಬಡಗಿ ಕೆಲಸ ಒಂದು ಕೈಯಲ್ಲಿ ಆಗುತ್ತದೆಯೇ? 1975ರಲ್ಲಿ ಸುಪ್ರೀಂ ಕೋರ್ಟ್ ಅವನ ದುಡಿಮೆ ಪೂರ್ತಿ ಹೋದಂತೆ ಎಂದು ಒಪ್ಪಿಕೊಂಡಿತು. ಪರಿಹಾರದ ಹಣ ಅಪಘಾತವಾದ ದಿನವೇ ಸಲ್ಲಬೇಕಾದದ್ದು ಎಂದೂ ಹೇಳಿತು. ಪ್ರೆಸ್ ಮಿಷನ್ನಿಗೆ ತಗಡು ಹಿಡಿದು ಕೊಡುವ ಬಲಗೈಯಲ್ಲಿ ಹೆಬ್ಬೆರಳಿಲ್ಲದಿದ್ದರೆ ಏನು ಹಿಡಿಯಲಾಗುತ್ತದೆ? ವಕೀಲರು ಈ ಪ್ರಶ್ನೆಯನ್ನು ಎತ್ತಲೇಬೇಕು. ಅದಕ್ಕೆ ಅಂಗವಿಕಲತೆ ಎಷ್ಟೆಂದು ಬರೆದ ವೈದ್ಯರ ಸರ್ಟಿಫಿಕೇಟ್ ಬೇಕು.

ಶೆಡ್ಡಿನಲ್ಲಿ ಏಳೆಂಟು ಜನ ಎಂದಿದ್ದೀರಿ, ಅದಕ್ಕೇ ನಾನು 1923ರ ಕಾಯ್ದೆಯನ್ನು ಹೇಳಿದೆ. ಹತ್ತು ಜನರಿದ್ದು, ಸಂಬಳ 21,000 ದಾಟದಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಬರುತ್ತದೆ. ಆಗ ಗಾಯದ ರಜೆಯ ಕಾಲಕ್ಕೆ ಸಂಬಳದ ಶೇ. 90, ಅಂಗ ಊನವಾದರೆ ತಿಂಗಳು ತಿಂಗಳು ಹಣ. ಇಎಸ್‌ಐ, ಕಾಯ್ದೆಯ ಪರಿಹಾರ, ಈ ಎರಡರಲ್ಲಿ ಒಂದೇ ಸಿಗುವುದು. ಹತ್ತು ದಾಟಬಾರದೆಂದೇ ಕೆಲವರು ರಿಜಿಸ್ಟರಿನಲ್ಲಿ ಹೆಸರು ಬರೆಯುವುದಿಲ್ಲ. ಅದನ್ನೂ ವಿಚಾರಿಸಿ ನೋಡಿ.

ಇನ್ನು ಕೆಲಸದಿಂದ ತೆಗೆದ ವಿಷಯ. ವರ್ಷದಲ್ಲಿ 240 ದಿನ ದುಡಿದವನನ್ನು ಗೇಟಿನಲ್ಲಿ ನಿಲ್ಲಿಸಿ ‘ನಾಳೆಯಿಂದ ಬರಬೇಡ’ ಅನ್ನುವಂತಿಲ್ಲ. ಅವನನ್ನು ತೆಗೆದಾಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಂತೆ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ, ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಕೊಡದೆ ತೆಗೆದರೆ ಕಾರ್ಮಿಕ ಅಧಿಕಾರಿಗೆ ದೂರು. 45 ದಿನದಲ್ಲಿ ಸಂಧಾನ ಆಗದಿದ್ದರೆ ಕಾರ್ಮಿಕನೇ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ (ಹೊಸ ಸಂಹಿತೆಯಲ್ಲಿ ಕೈಗಾರಿಕಾ ನ್ಯಾಯಮಂಡಳಿಗೆ) ಹೋಗಬಹುದು, ಯೂನಿಯನ್ ಬೇಕಿಲ್ಲ. 2025ರ ನವೆಂಬರ್ 21ರಿಂದ ಈ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಲು ಮೊದಲು ಮೂರು ವರ್ಷದ ಗಡುವಿತ್ತು, ಈಗ ಎರಡೇ. ಗಾಯದ ಪರಿಹಾರಕ್ಕೂ ಎರಡು ವರ್ಷ. ಎರಡನ್ನೂ ಎರಡೆಂದೇ ಲೆಕ್ಕ ಇಟ್ಟುಕೊಳ್ಳಿ, ಕೊನೆಯ ತಿಂಗಳಿಗೆ ಕಾಯಬೇಡಿ.

ಖರ್ಚಿನ ಚಿಂತೆ ಬಿಡಿ. ಕೋಲಾರದ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯ ಪ್ರಕಾರ ಕೈಗಾರಿಕಾ ಕಾರ್ಮಿಕನಿಗೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡಬೇಕು.

ನೀವು ಹೇಳುವ ಆ ಋಣ ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದನ್ನು ನಾನು ಚಿಕ್ಕಬಳ್ಳಾಪುರದ ಕಡೆಯ ಒಂದು ಮನೆಯಲ್ಲಿ ನೋಡಿದ್ದೇನೆ. ಜಲ್ಲಿ ಕ್ರಷರ್‌ನಲ್ಲಿ ದುಡಿದ ಮನುಷ್ಯ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹೆಂಡತಿ ಟ್ರಂಕಿನಿಂದ ಎಕ್ಸ್‌ರೇ ಫಿಲಂ ತೆಗೆದು ಬಾಗಿಲ ಬೆಳಕಿಗೆ ಹಿಡಿದರು. ಎರಡೂ ಕಡೆ ಬಿಳಿ ಚುಕ್ಕೆ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್, ಕಾಯ್ದೆಯ ಪಟ್ಟಿಯಲ್ಲೇ ಇರುವ ರೋಗ. ಪರಿಹಾರ ಕೇಳಿದಿರಾ ಅಂದೆ. ‘ಅವರ ಅನ್ನ ತಿಂದಿದ್ದೇವೆ, ಹೇಗೆ ಕೇಳೋದು ಸಾರ್’ ಅಂದರು. ಅವರ ಕೈಯಲ್ಲಿ ಸಂಬಳದ ಚೀಟಿ ಒಂದೂ ಇರಲಿಲ್ಲ, ಹಾಜರಿ ಪುಸ್ತಕ ಕಂಡೇ ಇರಲಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿ ದುಡಿದವರು ಅಲ್ಲಿ ದುಡಿದೆವು ಎಂದು ತೋರಿಸಲು ಒಂದು ಕಾಗದವೂ ಇಲ್ಲದ ಸ್ಥಿತಿ. ನನಗೆ ಸಿಟ್ಟು ಬರುವುದು ಇಲ್ಲೇ.

ನಮ್ಮ ಕೋಲಾರ ಜಿಲ್ಲೆಯ ನರಸಾಪುರವನ್ನೇ ತೆಗೆದುಕೊಳ್ಳಿ. 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕೆಲಸಗಾರರು ಒಡೆದ ಗಾಜು ಎಲ್ಲರಿಗೂ ನೆನಪಿದೆ. ಆ ದೊಂಬಿ ತಪ್ಪೇ. ಆದರೆ ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಪಾವತಿಯಾಗಿರಲಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿಕೊಂಡದ್ದು ಎಷ್ಟು ಜನರಿಗೆ ನೆನಪಿದೆ? ಅಲ್ಲಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆಯ ಹುಡುಗರು. ಗುತ್ತಿಗೆದಾರನ ಕೆಲಸಗಾರನಿಗೆ ಪೆಟ್ಟಾದರೆ ಮುಖ್ಯ ಕಂಪನಿಯೂ ಪರಿಹಾರಕ್ಕೆ ಹೊಣೆ ಎಂದು ಕಾನೂನಿದೆ. ಇದನ್ನು ಐಟಿಐಯಲ್ಲಿ ಒಂದು ಪಾಠವಾಗಿ ಹೇಳಿಕೊಟ್ಟರೆ ಯಾರಿಗೆ ನಷ್ಟ? ಲೇತ್ ಕಲಿಸುತ್ತೇವೆ, ವೆಲ್ಡಿಂಗ್ ಕಲಿಸುತ್ತೇವೆ, ಬೆರಳು ಹೋದರೆ ಯಾರ ಹತ್ತಿರ ಹೋಗಬೇಕು ಅನ್ನುವುದನ್ನು ಕಲಿಸುವುದಿಲ್ಲ.

ಕಾರ್ಖಾನೆ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಕೆಲಸಗಾರರಿಗೆ ವಿಮೆ ಮಾಡಿಸುವ ಮಾಲೀಕ ಉಳಿಯುತ್ತಾನೆ, ಈ ಹೊರೆ ಹೊರಲೆಂದೇ ಪಾಲಿಸಿಗಳು ಸಿಗುತ್ತವೆ. ಪ್ರೆಸ್ಸಿಗೆ ಗಾರ್ಡ್ ಹಾಕಿಸಿದರೆ ಬೆರಳೂ ಉಳಿಯುತ್ತದೆ.

ಮೇಷ್ಟ್ರೇ, ನಿಮ್ಮ ಮಾತನ್ನು ಆ ಹುಡುಗ ಕೇಳುತ್ತಾನೆ, ಅದಕ್ಕೇ ನಿಮ್ಮನ್ನೇ ಹಿಡಿದುಕೊಂಡಿದ್ದೇನೆ. ಡಿಸ್ಚಾರ್ಜ್ ಸಮ್ಮರಿ, ಆ ಸ್ಟಾಂಪ್ ಪೇಪರ್‌ನ ಪ್ರತಿ, ಸಂಬಳ ಬಿದ್ದ ಬ್ಯಾಂಕ್ ಪಾಸ್‌ಬುಕ್, ಮಿಷನ್ ಪಕ್ಕದಲ್ಲಿ ನಿಂತಿದ್ದ ಇಬ್ಬರ ಹೆಸರು, ಇಷ್ಟನ್ನು ಒಟ್ಟು ಮಾಡಿಸಿ. ಬರೆಯಲು ಅವನ ಕೈ ಇನ್ನೂ ಬಗ್ಗದಿದ್ದರೆ ಅರ್ಜಿ ನೀವೇ ಬರೆದುಕೊಡಿ, ಪ್ರಾಧಿಕಾರಕ್ಕೆ ಜೊತೆಯಲ್ಲೇ ಹೋಗಿ ಬನ್ನಿ.